ಕಿವಿಯಕ್ಕ ಮತ್ತು ಹದಿನೇಳನೆಯ ತಟ್ಟೆ

ಕಿವಿಯಕ್ಕ ತನ್ನ ಅಳಿಯನ ಮುಂಗೈ ಮುರಿದ ದಿನ ನಾನು ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ತಡೆಯಲಿಲ್ಲ. ಯಾಕೆ ತಡೆಯಲಿಲ್ಲ ಎಂದು ಪೊಲೀಸರು ಕೇಳಿದರು, ಮನೆಗೆ ಬಂದ ಮೇಲೆ ನನ್ನ ಗಂಡನೂ ಕೇಳಿದ. ಅವಳ ಕೈಚೀಲ ನನ್ನ ಕೈಯಲ್ಲಿತ್ತು ಎಂದು ಇಬ್ಬರಿಗೂ ಹೇಳಿದೆ. ಅದು ಸುಳ್ಳಲ್ಲ. ಕೈಚೀಲ ಇಲ್ಲದಿದ್ದರೂ ತಡೆಯುತ್ತಿರಲಿಲ್ಲ ಎನ್ನುವುದನ್ನು ಮಾತ್ರ ಹೇಳಲಿಲ್ಲ.

ಪತ್ರಿಕೆಯಲ್ಲಿ ನಾಲ್ಕು ಸಾಲು ಬಂತು. ಸಿಡುಕಿನ ಅತ್ತೆಯೊಬ್ಬಳು ಸಾಧುಸ್ವಭಾವದ ಅಳಿಯನ ಮೇಲೆ ಹಲ್ಲೆ ಮಾಡಿದಳಂತೆ. ಬರೆದವನ ಕೈ ಸೇದಿಹೋಗಲಿ. ಅವಳು ಸಿಡುಕಿಯಲ್ಲ, ಅವನು ಸಾಧುವಲ್ಲ. ಹನ್ನೊಂದು ವರ್ಷ ಅವಳ ಜೊತೆ ಒಂದೇ ಕೋಣೆಯಲ್ಲಿ ದುಡಿದವಳು ನಾನು. ನಾನು ಬರೆಯದಿದ್ದರೆ ಇನ್ನು ಯಾರು ಬರೆಯುತ್ತಾರೆ?

ನಮ್ಮ ಕೋಣೆ ಇದ್ದದ್ದು ಮುಚ್ಚಿಹೋದ ಚಪ್ಪಲಿ ಕಾರ್ಖಾನೆಯ ಎರಡನೆಯ ಮಹಡಿಯಲ್ಲಿ. ಮಳೆ ಬಂದರೆ ಇವತ್ತಿಗೂ ಅಲ್ಲಿನ ಗೋಡೆಗಳಿಂದ ತೊಗಲಿನ ವಾಸನೆ ಬರುತ್ತದೆ. ಅಲ್ಲಿ ಈಗ ತಯಾರಾಗುವುದು ಕಂಪ್ಯೂಟರು, ಆದರೆ ಜೀವ ಇರುವ ಕಂಪ್ಯೂಟರು. ಯಾರೋ ಪುಣ್ಯಾತ್ಮರು ಕೊಟ್ಟ ಚರ್ಮದ ಚೂರಿನಿಂದ ಕೋಶಗಳನ್ನು ಎತ್ತಿ, ಅವನ್ನು ಮಿದುಳಿನ ನರಕೋಶಗಳಾಗಿ ಬೆಳೆಸಿ, ಅಂಗೈಯಗಲದ ಗಾಜಿನ ತಟ್ಟೆಯಲ್ಲಿ ಹರಡುತ್ತಾರೆ. ತಟ್ಟೆಯ ತಳದಲ್ಲಿ ಕೂದಲಿಗಿಂತ ತೆಳುವಾದ ತಂತಿಗಳ ಜಾಲವಿದೆ. ತಂತಿಯಿಂದ ಕೋಶಗಳಿಗೆ ಸುದ್ದಿ ಹೋಗುತ್ತದೆ, ಕೋಶಗಳಿಂದ ಉತ್ತರ ಬರುತ್ತದೆ. ದೊಡ್ಡ ಯಂತ್ರಗಳು ಒಂದು ಊರಿನ ಕರೆಂಟು ಕುಡಿದು ಮಾಡುವ ಕೆಲಸವನ್ನು ಇದು ಒಂದು ಚಮಚ ಸಕ್ಕರೆ ನೀರು ಕುಡಿದು ಮಾಡುತ್ತದೆ ಎಂದು ನಮ್ಮ ಮೇಡಂ ಬಂದಬಂದವರಿಗೆಲ್ಲ ಹೇಳುತ್ತಿದ್ದರು. ಮೇಡಂ ಎಂದರೆ ಇದನ್ನೆಲ್ಲ ಕಂಡುಹಿಡಿದ ವಿಜ್ಞಾನಿ. ಒಳ್ಳೆಯವರು. ಮೂರು ಹೊತ್ತೂ ಕನ್ನಡಕ ಹುಡುಕುತ್ತಿದ್ದರು.

ನನ್ನ ಕೆಲಸ ತಟ್ಟೆಗಳಿಗೆ ಊಟ ಹಾಕುವುದು. ಊಟ ಅಂದರೆ ಗುಲಾಬಿ ಬಣ್ಣದ ನೀರು. ಕೋಶಗಳು ತಿಂದು, ಉಸಿರಾಡಿ, ಹೊಲಸು ಬಿಟ್ಟಂತೆಲ್ಲ ಅದು ಹಳದಿಗೆ ತಿರುಗುತ್ತದೆ. ಹಳದಿಯಾಗುವ ಮೊದಲು ಹಳೆಯದನ್ನು ಹೀರಿ ಹೊಸದನ್ನು ಹನಿಸಬೇಕು. ಸಾಮಾನ್ಯವಾಗಿ ಮೂರು ದಿನಕ್ಕೊಮ್ಮೆ. ಹೆಚ್ಚು ದುಡಿದ ತಟ್ಟೆ ಬೇಗ ಹಳದಿಯಾಗುತ್ತದೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಈ ತಟ್ಟೆಗಳು ಮಾಡುವ ಕೆಲಸ. ಅವು ಕಿವಿಗಳು. ಬಸ್ಸಿನಲ್ಲಿ, ಗೋದಾಮಿನಲ್ಲಿ, ಶಾಲೆಯ ಮೊಗಸಾಲೆಯಲ್ಲಿ ಒಂದು ಪೆಟ್ಟಿಗೆಯೊಳಗೆ ಕೂತು ಸುತ್ತಲಿನ ಸದ್ದು ಕೇಳುತ್ತಿರುತ್ತವೆ. ಜಗಳ ಕೈಗೆ ಬರುವ ಮೊದಲೇ ಅದನ್ನು ಗುರುತಿಸಿ, ಪೆಟ್ಟಿಗೆಯ ಹಸಿರು ದೀಪವನ್ನು ಕೆಂಪು ಮಾಡಿ, ಕಾವಲಿನವರ ಫೋನಿಗೆ ಸುದ್ದಿ ಮುಟ್ಟಿಸುತ್ತವೆ. ಪೆಟ್ಟು ಬಿದ್ದಮೇಲೆ ಕೂಗುವುದಕ್ಕೆ ಯಾವ ಯಂತ್ರವಾದರೂ ಸಾಕು. ಬೀಳುವ ಮೊದಲು ಗೊತ್ತಾಗಬೇಕು. ಅದನ್ನು ತಟ್ಟೆಗಳಿಗೆ ಕಲಿಸುವುದು ಹೇಗೆಂದು ಯಾರಿಗೂ ಗೊತ್ತಿರಲಿಲ್ಲ.

ಕಿವಿಯಕ್ಕ ಆಗ ನಮ್ಮಲ್ಲಿ ಕಸ ಗುಡಿಸುತ್ತಿದ್ದಳು. ಅವಳಿಗಿನ್ನೂ ಆ ಹೆಸರು ಬಿದ್ದಿರಲಿಲ್ಲ. ಒಂದು ಮಧ್ಯಾಹ್ನ ಮೇಡಂ ಯಾವುದೋ ಬಸ್ಸಿನಲ್ಲಿ ರೆಕಾರ್ಡ್ ಆದ ಸದ್ದು ಹಾಕಿಕೊಂಡು ಕೂತಿದ್ದರು. ಇಬ್ಬರು ಗಂಡಸರು ಸೀಟಿಗಾಗಿ ಮಾತಾಡುತ್ತಿದ್ದಾರೆ, ಗಟ್ಟಿಯಾಗಿಯೂ ಇಲ್ಲ. ನೆಲ ಒರೆಸುತ್ತಿದ್ದವಳು ಥಟ್ಟನೆ ಬಟ್ಟೆ ಬಿಟ್ಟು, ಗೋಡೆಗೆ ಮುಖ ಮಾಡಿ, ಎರಡೂ ಕೈಗಳಿಂದ ತಲೆ ಮುಚ್ಚಿಕೊಂಡಳು. ಆಮೇಲೆ ಎಣಿಸಿದಂತೆ ಮೂರು ಕ್ಷಣಕ್ಕೆ ರೆಕಾರ್ಡಿನಲ್ಲಿ ಹಲ್ಲು ಮುರಿದ ಸದ್ದು ಬಂತು.

ಮೇಡಂ ಇನ್ನೊಂದು ಹಾಕಿದರು. ಮತ್ತೊಂದು ಹಾಕಿದರು. ಹದಿನಾಲ್ಕರಲ್ಲಿ ಹದಿಮೂರನ್ನು ಅವಳು ಮೊದಲೇ ಹೇಳಿದಳು.

"ನಿಮಗೆ ಹೇಗೆ ಗೊತ್ತಾಗುತ್ತಮ್ಮ?" ಎಂದು ಮೇಡಂ ಕೇಳಿದರು.

"ಗೊತ್ತಾಗುತ್ತೆ ಮೇಡಂ. ಗೊತ್ತಾಗ್ದೇ ಇದ್ದಿದ್ರೆ ನಾನು ಬದುಕ್ತಿರಲಿಲ್ಲ."

ಅವಳ ಗಂಡ ಗಡಿಯಾರ ರಿಪೇರಿ ಮಾಡುತ್ತಿದ್ದ. ಮಾತು ಕಮ್ಮಿ, ನಗು ಇಲ್ಲವೇ ಇಲ್ಲ. ಕೋಪ ಬಂದರೆ ಬೈಯುತ್ತಿರಲಿಲ್ಲ, ಇನ್ನಷ್ಟು ಸುಮ್ಮನಾಗುತ್ತಿದ್ದ. ಆಮೇಲೆ ತನ್ನ ಕೈಗಡಿಯಾರದ ಪಟ್ಟಿ ಬಿಚ್ಚಿ, ಅದನ್ನು ಮೇಜಿನ ಮೇಲೆ ಇಡುತ್ತಿದ್ದ. ಹೊಡೆಯುವಾಗ ಗಡಿಯಾರಕ್ಕೆ ಏಟಾಗಬಾರದು ನೋಡಿ. ಹೆಂಡತಿಯ ದವಡೆ ಮುರಿದರೆ ಪರವಾಗಿಲ್ಲ, ಮುಳ್ಳು ಅಲುಗಬಾರದು. ಪಟ್ಟಿಯ ಕೊಂಡಿ ಬಿಚ್ಚುವ ಸಣ್ಣ ಸದ್ದಿಗೆ ಅವಳು ಹತ್ತೊಂಬತ್ತು ವರ್ಷ ಮೈಯೆಲ್ಲ ಕಿವಿಯಾಗಿ ಬದುಕಿದಳು. ಒಮ್ಮೆ ಅದನ್ನು ಅಡುಗೆಮನೆಯಿಂದಲೇ ಕೇಳಿಸಿಕೊಂಡು ಪುಟ್ಟ ಮಗಳನ್ನು ಪಕ್ಕದ ಮನೆಗೆ ದಾಟಿಸಿದಳಂತೆ. ಅವತ್ತು ಅವಳ ಎಡ ಮೊಣಕೈ ಮುರಿಯಿತು, ಇವತ್ತಿಗೂ ಪೂರ್ತಿ ಚಾಚುವುದಿಲ್ಲ. ಕೊನೆಗೆ ಅವನು ಎದೆನೋವು ಬಂದು ಸತ್ತ. "ಬಾಗಿಲ ಹತ್ರ ಬಿದ್ದಿದ್ದ ಕಣೇ. ದಾಟ್ಕೊಂಡು ಹೋಗಿ ಮಗಳಿಗೆ ಜಡೆ ಹಾಕ್ದೆ. ಆಮೇಲೆ ಡಾಕ್ಟರನ್ನ ಕರೆದೆ" ಎಂದು ಅವಳು ನನಗೆ ಹೇಳಿದ್ದಾಳೆ. ಹೇಳುವಾಗ ಅವಳ ಮುಖದಲ್ಲಿ ನಾಚಿಕೆ ಇರಲಿಲ್ಲ. ಇರಬೇಕಾಗಿಯೂ ಇರಲಿಲ್ಲ.

ಹೀಗೆ ಪೊರಕೆ ಬಿಟ್ಟು ಅವಳು ಪಾಠದ ಕುರ್ಚಿಗೆ ಬಂದಳು, ಹೆಸರೂ ಕಿವಿಯಕ್ಕ ಎಂದಾಯಿತು. ಅವಳ ಮುಂದೆ ಒಂದು ತಟ್ಟೆ, ಎರಡು ಗುಂಡಿ. ರೆಕಾರ್ಡು ಓಡುತ್ತದೆ. ತಟ್ಟೆಯ ದೀಪ ಸರಿಯಾದ ಹೊತ್ತಿಗೆ ಕೆಂಪಾದರೆ ಬಿಳಿ ಗುಂಡಿ ಒತ್ತಬೇಕು. ಆಗ ತಟ್ಟೆಗೆ ಒಂದೇ ಲಯದ ಹಿತವಾದ ಮಿಡಿತ ಹೋಗುತ್ತದೆ. ತಪ್ಪಿದರೆ ಕರಿ ಗುಂಡಿ. ಆಗ ಲೆಕ್ಕವಿಲ್ಲದ, ದಿಕ್ಕಿಲ್ಲದ ಕರೆಂಟು ಎಲ್ಲ ತಂತಿಗಳಿಂದ ಒಟ್ಟಿಗೆ ನುಗ್ಗುತ್ತದೆ. ಅದಕ್ಕೆ ಕಾಗದದಲ್ಲಿ ಉದ್ದದ ಹೆಸರಿತ್ತು, ನಾವು ಗದ್ದಲ ಎನ್ನುತ್ತಿದ್ದೆವು. ಕೋಶಗಳಿಗೆ ಗದ್ದಲ ಆಗಿಬರುವುದಿಲ್ಲ. ಅದನ್ನು ತಪ್ಪಿಸಿಕೊಳ್ಳಲೆಂದೇ ಅವು ಸರಿಯಾದದ್ದನ್ನು ಕಲಿಯುತ್ತವೆ. ದಂಡಂ ದಶಗುಣಂ ಎನ್ನುವುದನ್ನು ವಿಜ್ಞಾನವೂ ಒಪ್ಪಿತು ಅಂತಾಯಿತು.

ಮೊದಲ ಎರಡು ವಾರ ಕಿವಿಯಕ್ಕ ಕರಿ ಗುಂಡಿ ಮುಟ್ಟಲೇ ಇಲ್ಲ. ತಟ್ಟೆ ತಪ್ಪು ಮಾಡಿದರೆ "ಇರ್ಲಿ ಬಿಡು, ಇನ್ನೊಂದ್ಸಲ ಕೇಳು" ಎಂದು ಅದಕ್ಕೇ ಹೇಳುತ್ತಿದ್ದಳು. ತಟ್ಟೆಗಳು ಏನೂ ಕಲಿಯಲಿಲ್ಲ. ಮೇಡಂ ಪಕ್ಕದಲ್ಲಿ ಕೂತು, ಅವಳ ಬೆರಳು ಹಿಡಿದು ಒತ್ತಿಸಿದರು. "ನೋವು ಅಂತ ಏನೂ ಆಗಲ್ಲಮ್ಮ ಅವಕ್ಕೆ. ನೋವಾಗೋಕೆ ಅಲ್ಲಿ ಯಾರೂ ಇಲ್ಲ" ಎಂದರು. ಅವತ್ತು ಅವಳು ಕೈತೊಳೆಯುವ ತೊಟ್ಟಿಯಲ್ಲಿ ವಾಂತಿ ಮಾಡಿಕೊಂಡಳು. ಒಂದು ತಿಂಗಳಿಗೆ ರೂಢಿಯಾಯಿತು. ಒಂದು ವರ್ಷಕ್ಕೆ ಟೀ ಕುಡಿಯುತ್ತಾ ಒತ್ತುತ್ತಿದ್ದಳು. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂದು ನಾನು ಕೆಣಕಿದರೆ, "ಪೆಟ್ಟು ತಿನ್ದೇ ಕಲಿತವ್ರು ಯಾರಿದ್ದಾರೆ ಹೇಳೇ?" ಎನ್ನುತ್ತಿದ್ದಳು. ಅವಳು ಕಲಿಸಿದ ತಟ್ಟೆಗಳು ಎಲ್ಲರದಕ್ಕಿಂತ ಚುರುಕಾಗಿದ್ದವು. ಮೌನಕ್ಕೆ, ಉಸಿರು ಕಟ್ಟಿದ್ದಕ್ಕೆ, ಕುರ್ಚಿ ಮೆಲ್ಲಗೆ ಸರಿದದ್ದಕ್ಕೆ, ಕೈಗಡಿಯಾರದ ಕೊಂಡಿ ಬಿಚ್ಚಿದ್ದಕ್ಕೆ ಕೆಂಪಾಗುತ್ತಿದ್ದವು. ಅವಳ ಕೈಯಲ್ಲಿ ಕಲಿತ ಕಿವಿಗಳಿಂದ ಎಷ್ಟು ಜನರ ತಲೆ ಉಳಿದಿದೆಯೋ, ಅದನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ.

ಮಗಳು ದೊಡ್ಡವಳಾಗಿ ಡ್ರೈವಿಂಗ್ ಕಲಿಯಲು ಸೇರಿದಳು. ಕಲಿಸುವ ಮೇಷ್ಟ್ರಿಗೇ ಮನಸ್ಸು ಕೊಟ್ಟಳು. ಕಿವಿಯಕ್ಕ ಅವನನ್ನು ಮನೆಗೆ ಕರೆಸಿ ಪರೀಕ್ಷೆ ಮಾಡಿದಳು, ಆ ಪರೀಕ್ಷೆಗೆ ನಾನೂ ಸಾಕ್ಷಿ. ಒಂದೂವರೆ ಗಂಟೆ ಬರಿದೇ ಕಾಯಿಸಿದಳು. ಆಮೇಲೆ ಟೀ ಕೊಡುವಾಗ ಬೇಕೆಂದೇ ಬಿಸಿ ಲೋಟವನ್ನು ಅವನ ತೊಡೆಯ ಮೇಲೆ ಮಗುಚಿದಳು. ಅವನು ಜಿಗಿದೆದ್ದು, ಪ್ಯಾಂಟು ಕೊಡವಿ, ಹೊಟ್ಟೆ ಹಿಡಿದುಕೊಂಡು ನಕ್ಕ. "ಅತ್ತೆ, ಇದು ಟೀನಾ, ಡ್ರೈವಿಂಗ್ ಟೆಸ್ಟಾ? ಬ್ರೇಕ್ ಹಿಡೀಬೇಕಿತ್ತು ನಾನು!" ಎಂದ. ನಾವೂ ನಕ್ಕೆವು. ಅವನು ಹೋದಮೇಲೆ ಕಿವಿಯಕ್ಕ ಅಡುಗೆಮನೆಯಲ್ಲಿ ನನ್ನ ಎರಡೂ ಕೈ ಹಿಡಿದುಕೊಂಡಳು. "ನಗ್ತಾನೆ ಕಣೇ. ಸುಟ್ಟರೂ ನಗ್ತಾನೆ. ನಗೋ ಗಂಡಸು ಹೊಡೆಯಲ್ಲ."

ನಗುವ ಹೆಂಗಸನ್ನು ನಂಬಬಾರದು, ಅಳುವ ಗಂಡಸನ್ನು ನಂಬಬಾರದು ಎಂದು ನಮ್ಮ ಹಿರಿಯರು ಗಾದೆ ಕಟ್ಟಿದ್ದಾರೆ. ನಗುವ ಗಂಡಸಿನ ಬಗ್ಗೆ ಒಂದು ಮಾತು ಹೇಳಿಟ್ಟು ಹೋಗಲು ಅವರ ಗಂಟೇನು ಹೋಗುತ್ತಿತ್ತು?

ಮದುವೆಯಾಗಿ ಎಂಟು ತಿಂಗಳಿಗೆ ಮಗಳು ಕೈಗೆ ಪಟ್ಟಿ ಸುತ್ತಿಕೊಂಡು ಬಂದಳು. ಮೆಟ್ಟಿಲಲ್ಲಿ ಜಾರಿದೆ ಎಂದಳು. ಮಗಳು ಹೋದಮೇಲೆ ಕಿವಿಯಕ್ಕ ನನಗೆ ಹೇಳಿದಳು: "ನಾನೂ ಹತ್ತೊಂಬತ್ತು ವರ್ಷ ಮೆಟ್ಟಿಲಲ್ಲಿ ಜಾರ್ದೋಳೇ. ನಮ್ಮನೆ ಇದ್ದಿದ್ದು ನೆಲಮಹಡೀಲಿ."

ಮಗಳನ್ನು ಕೇಳಿದರೆ ಬಾಯಿ ಬಿಡುವುದಿಲ್ಲ, ಕಿವಿಯಕ್ಕನೇ ಬಿಟ್ಟಿರಲಿಲ್ಲವಲ್ಲ. ಅದಕ್ಕೇ ಒಂದು ಕಿವಿ ಇಡುವುದೆಂದು ತೀರ್ಮಾನಿಸಿದಳು. ಮನೆಗಳಲ್ಲಿ ಪರೀಕ್ಷೆ ಮಾಡಬೇಕೆಂದು ಮೇಡಂ ಮೊದಲೇ ಹೇಳುತ್ತಿದ್ದರು, ಒಪ್ಪಿಗೆ ಸಿಕ್ಕಿತು. ತನ್ನ ಕೈಯಲ್ಲಿ ಕಲಿತವುಗಳಲ್ಲೇ ಜಾಣೆಯಾದ ಹದಿನೇಳನೆಯ ತಟ್ಟೆಯನ್ನು ಆರಿಸಿದಳು. ಅಳಿಯನಿಗೆ ಅದು ಗ್ಯಾಸ್ ಸೋರಿದರೆ ತಿಳಿಸುವ ಪೆಟ್ಟಿಗೆ ಎಂದೆವು. ದೀಪದ ಮೇಲೆ ಕಪ್ಪು ಮುಚ್ಚಳ ಹಾಕಿ, ಅಡುಗೆಮನೆಯ ಕಪಾಟಿನ ಮೇಲಿಟ್ಟೆವು. ಸುದ್ದಿ ಬರುವುದು ಕಿವಿಯಕ್ಕನ ಫೋನಿಗೆ. ಮೂರು ದಿನಕ್ಕೊಮ್ಮೆ ಊಟ ಹಾಕಲು ಹೋಗುವವಳು ನಾನು. ಅವರ ಮನೆ ನಮ್ಮ ಕಾರ್ಖಾನೆಯಿಂದ ಮೂರು ಬೀದಿ ಆಚೆ.

ಮೊದಲ ಭಾನುವಾರವೇ ಫೋನು ಕೂಗಿತು. ಅಂದು ನಾನೂ ಅವಳ ಮನೆಯಲ್ಲಿದ್ದೆ. ಇಬ್ಬರೂ ಚಪ್ಪಲಿ ಮೆಟ್ಟದೆ ಓಡಿದೆವು. ಬಾಗಿಲು ತೆರೆದದ್ದು ಅಳಿಯ. ಒಳಗೆ ರೇಡಿಯೊ ಕಿವಿ ಕಿತ್ತುಹೋಗುವಷ್ಟು ಜೋರಾಗಿತ್ತು. ಅವನು ಹಾಡಿಗೆ ಚಪ್ಪಾಳೆ ತಟ್ಟುತ್ತಾ, ಕುಣಿಯುತ್ತಾ, "ಅತ್ತೆ ಬಂದ್ರು, ಚಿಕ್ಕತ್ತೆನೂ ಬಂದ್ರು! ಇಬ್ರೂ ಕುಣೀರಿ!" ಎಂದ. ಮಗಳು ಒಲೆಯ ಪಕ್ಕ ನಿಂತು ನಗುತ್ತಿದ್ದಳು. ಕೆನ್ನೆಯ ಮೇಲೆ ಕೈ, ಕಣ್ಣ ತುಂಬ ನೀರು. "ನಕ್ಕೂ ನಕ್ಕೂ ಸಾಕಾಯ್ತಮ್ಮ" ಎಂದಳು. ನಾವೂ ಟೀ ಕುಡಿದು, ನಕ್ಕು, ಮರಳಿದೆವು.

ಇನ್ನೆರಡು ಸಲ ಹೀಗೇ ಆಯಿತು. ಓಡುವುದು, ರೇಡಿಯೊ, ಚಪ್ಪಾಳೆ, ನಗು, ಟೀ. ಮೂರನೆಯ ಸಲ ಕಿವಿಯಕ್ಕನಿಗೆ ಅಳಿಯನ ಮುಂದೆ ನಾಚಿಕೆಯಾಯಿತು. ಇಷ್ಟು ಒಳ್ಳೆಯ ಹುಡುಗನ ಮೇಲೆ ಕಾವಲಿಟ್ಟೆನಲ್ಲ ಎಂದು ದಾರಿಯುದ್ದಕ್ಕೂ ತನ್ನನ್ನೇ ಬೈದುಕೊಂಡಳು. ಆಮೇಲೆ ಕೋಪ ತಟ್ಟೆಯ ಮೇಲೆ ತಿರುಗಿತು. "ಇದಕ್ಕೆ ನಗು ಅಂದ್ರೇನು ಅಂತ್ಲೇ ಗೊತ್ತಿಲ್ಲ. ಹುಟ್ಟಿದಾಗಿಂದ ಬರೀ ಜಗಳ ಕೇಳಿಸಿದ್ದೀವಿ. ನಗುವನ್ನೂ ಜಗಳ ಅನ್ಕೊಳ್ತಿದೆ."

ಪೆಟ್ಟಿಗೆಯನ್ನು ಎತ್ತಿ ತಂದಳು. ಅದರೊಳಗೆ ಆ ಮೂರು ದಿನದ ಸದ್ದು ಉಳಿದಿತ್ತು. ಅವನ್ನೇ ಹಾಕಿ ಪಾಠ ಶುರು ಮಾಡಿದಳು. ರೇಡಿಯೊ ಹಾಡುತ್ತದೆ, ಅಳಿಯ ನಗುತ್ತಾನೆ, ತಟ್ಟೆ ಕೆಂಪಾಗುತ್ತದೆ. ಕರಿ ಗುಂಡಿ. ಮತ್ತೆ ಮೊದಲಿಂದ. ಹಾಡು, ನಗು, ಕೆಂಪು. ಕರಿ ಗುಂಡಿ. ಮೊದಲ ದಿನ ಇನ್ನೂರು ಸಲ ಒತ್ತಿದಳು. ತಟ್ಟೆ ಸೋಲಲಿಲ್ಲ.

ಹಿಂದೆ ನಿಂತು ಕೇಳುತ್ತಿದ್ದ ಮೇಡಂ, "ಹಾಡಿನ ಜೊತೆ ಟಪ್ ಟಪ್ ಅಂತ ಬರ್ತಿದೆಯಲ್ಲ, ಅದೇನು?" ಎಂದರು.

"ಚಪ್ಪಾಳೆ ಮೇಡಂ. ನಮ್ಮಳಿಯ ಹಾಡು ಬಂದ್ರೆ ಚಪ್ಪಾಳೆ ತಟ್ತಾನೆ."

ಮೇಡಂ ಪುಸ್ತಕದಲ್ಲಿ 'ಚಪ್ಪಾಳೆ' ಎಂದು ಬರೆದುಕೊಂಡರು. ಕಿವಿಯಕ್ಕನದು ಹದಿನಾಲ್ಕರಲ್ಲಿ ಹದಿಮೂರನ್ನು ಹಿಡಿದ ಕಿವಿ. ಅವಳಿಗೆ ಕೇಳಿಸಲಿಲ್ಲವೋ, ಅವಳು ಕೇಳಿಸಿಕೊಳ್ಳಲಿಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಅವಳು ತಿಂದ ಪೆಟ್ಟೆಲ್ಲ ಮೌನದಲ್ಲಿ ತಿಂದದ್ದು. ಹಾಡಿನ ನಡುವೆ ಪೆಟ್ಟು ಇರುತ್ತದೆಂದು ಅವಳ ಮೈಗೆ ಯಾರೂ ಕಲಿಸಿರಲಿಲ್ಲ.

ಎರಡನೆಯ ದಿನ ತಟ್ಟೆಯ ನೀರು ಮಧ್ಯಾಹ್ನದೊಳಗೇ ಹಳದಿಯಾಯಿತು. ನಾನು ಬದಲಿಸಿದೆ, ಸಂಜೆಯೊಳಗೆ ಮತ್ತೆ ಹಳದಿ. "ಸಾಕು ಅಕ್ಕ, ಒದ್ದಾಡ್ತಿದೆ ಅದು" ಎಂದೆ. "ಹಟ ಮಾಡ್ತಿದೆ" ಎಂದಳು. ಅವಳ ತುಟಿ ಬಿಗಿದಿತ್ತು, ಬೆರಳು ಗುಂಡಿಯ ಮೇಲೆ ಬಿಳಿಚಿಕೊಂಡಿತ್ತು. ಈಗ ತಟ್ಟೆ ಕೆಂಪಾಗುವುದನ್ನೂ ಕಾಯುತ್ತಿರಲಿಲ್ಲ, ನಗು ಶುರುವಾಗುತ್ತಿದ್ದಂತೆ ಮೊದಲೇ ಒತ್ತಿಬಿಡುತ್ತಿದ್ದಳು. ಮೂರನೆಯ ದಿನ ಮಧ್ಯಾಹ್ನ, ಪುಸ್ತಕದ ಪ್ರಕಾರ ಆರುನೂರ ನಲವತ್ತನೆಯ ಗದ್ದಲದ ನಂತರ, ಹಾಡು ಬಂತು, ನಗು ಬಂತು, ಟಪ್ ಟಪ್ ಬಂತು. ದೀಪ ಹಸಿರಾಗಿಯೇ ಉಳಿಯಿತು. ಕಿವಿಯಕ್ಕ ಬಿಳಿ ಗುಂಡಿ ಒತ್ತಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡಳು.

ಪೆಟ್ಟಿಗೆ ಮತ್ತೆ ಮಗಳ ಮನೆಯ ಕಪಾಟಿನ ಮೇಲೆ ಹೋಯಿತು. ಏಳು ವಾರ ಫೋನು ಒಂದು ಸಲವೂ ಕೂಗಲಿಲ್ಲ. ಕಿವಿಯಕ್ಕನ ಮುಖಕ್ಕೆ ಕಳೆ ಬಂತು, ಎರಡು ಕೇಜಿ ದಪ್ಪಗಾದಳು.

ಆ ಏಳು ವಾರವೂ ನಾನು ಮೂರು ದಿನಕ್ಕೊಮ್ಮೆ ಆ ಮನೆಗೆ ಹೋಗುತ್ತಿದ್ದೆ. "ಚಿಕ್ಕತ್ತೆ, ಗ್ಯಾಸ್ ಪೆಟ್ಟಿಗೆಗೆ ಊಟ ಆಯ್ತಾ? ನಮಗೂ ಸ್ವಲ್ಪ ಉಳಿಸಿ" ಎಂದು ಅವನು ತಮಾಷೆ ಮಾಡುತ್ತಿದ್ದ, ನಾನು ನಗುತ್ತಿದ್ದೆ. ರೇಡಿಯೊ ಯಾವಾಗಲೂ ಹಾಡುತ್ತಿತ್ತು. ಮಗಳು ತಲೆಗೆ ಬಟ್ಟೆ ಸುತ್ತಿಕೊಂಡಿರುತ್ತಿದ್ದಳು, ನೆಗಡಿ ಎನ್ನುತ್ತಿದ್ದಳು. ಮುಚ್ಚಳ ತೆಗೆದರೆ ದೀಪ ಹಸಿರು. ಆದರೆ ತಟ್ಟೆಯ ನೀರು ಪ್ರತಿ ಸಲವೂ ಕಡು ಹಳದಿಯಾಗಿರುತ್ತಿತ್ತು. ಮೂರು ದಿನಕ್ಕೆ ಅಷ್ಟು ಹಳದಿಯಾಗಬಾರದು. ಒಳಗೆ ಆ ಕೋಶಗಳು ಹಗಲೂ ರಾತ್ರಿ ಬಡಿದುಕೊಳ್ಳುತ್ತಿದ್ದವು, ಬಾಯಿ ಮಾತ್ರ ಬಿಡುತ್ತಿರಲಿಲ್ಲ. ನಾನು ಅದನ್ನು ಕಂಡೆ, ಪುಸ್ತಕದಲ್ಲಿ 'ಹಳದಿ' ಎಂದು ಬರೆದೆ, ನೀರು ಬದಲಿಸಿ ಬಂದೆ. ಅಡುಗೆಮನೆ ಬಿಸಿ ಇರಬೇಕು ಎಂದುಕೊಂಡೆ. ಅವನು ಎಲ್ಲರ ಕಿವಿಗೂ ಹೂವಿಟ್ಟ, ನನ್ನದಕ್ಕೆ ನಾನೇ ಇಟ್ಟುಕೊಂಡೆ.

ಎಂಟನೆಯ ವಾರ, ಒಂದು ಬೆಳಗ್ಗೆ, ಮಗಳ ಪಕ್ಕದ ಮನೆಯವರು ಆಸ್ಪತ್ರೆಯಿಂದ ಫೋನು ಮಾಡಿದರು.

ಎರಡು ಪಕ್ಕೆಲುಬು ಮುರಿದಿದ್ದವು. ಮುಂದಿನ ಒಂದು ಹಲ್ಲು ಇರಲಿಲ್ಲ. ಬಲಗಿವಿಯ ತಮಟೆ ಹರಿದು, ಒಳಗೂ ಏಟಾಗಿ, ಕಿವಿಯಿಂದ ಇಳಿದ ರಕ್ತ ಕತ್ತಿನ ಮೇಲೆ ಒಣಗಿತ್ತು. ಒಂದೇ ಜಾಗಕ್ಕೆ ಹಲವು ತಿಂಗಳು ಬಿದ್ದ ಹೊಡೆತ, ಆ ಕಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದರು. ರೇಡಿಯೊ ಹಾಕಿಕೊಂಡೇ ಹೊಡೆಯುತ್ತಿದ್ದನಂತೆ. ಹಾಡಿನ ತಾಳಕ್ಕೆ ಸರಿಯಾಗಿ, ನಗುತ್ತಾ. ಅವಳೂ ನಗಬೇಕಿತ್ತಂತೆ. ನಗದಿದ್ದರೆ ಇನ್ನೊಂದು ಹಾಡು ಮುಗಿಯುವವರೆಗೆ.

ಕಿವಿಯಕ್ಕ ಹಾಸಿಗೆಯ ಎಡಕ್ಕೆ ಕೂತಳು. "ನನಗ್ಯಾಕೆ ಹೇಳಲಿಲ್ಲ ಮಗಳೇ?"

"ನಗೋ ಗಂಡ ಸಿಕ್ಕಿದ್ದಾನೆ, ಪುಣ್ಯವಂತೆ ನೀನು ಅಂತಿದ್ದೆಯಲ್ಲಮ್ಮ. ಹೇಗೆ ಹೇಳ್ಲಿ?" ಮಗಳ ಮಾತು ತುಟಿಯ ಊತದಲ್ಲಿ ತೊದಲುತ್ತಿತ್ತು. ಆಮೇಲೆ ಅವಳೇ ಕೇಳಿದಳು: "ಮೊದಮೊದಲು ಮೂರು ಸಲ ಓಡಿ ಬಂದೆ. ನೀನು ಬಂದಕೂಡ್ಲೇ ನಿಲ್ಲಿಸ್ತಿದ್ದ. ಅಮ್ಮನಿಗೆ ಹೇಗೋ ಗೊತ್ತಾಗುತ್ತೆ ಅನ್ಕೊಂಡೆ. ಏಟು ಬೀಳೋವಾಗೆಲ್ಲ ಬಾಗಿಲು ನೋಡ್ತಿದ್ದೆ. ಆಮೇಲೆ ಯಾಕಮ್ಮ ಬರೋದು ನಿಲ್ಲಿಸಿಬಿಟ್ಟೆ?"

ನಾನು ಗೋಡೆ ನೋಡುತ್ತಾ ನಿಂತೆ. ಅಲ್ಲಿ ಕೈ ತೊಳೆಯುವ ವಿಧಾನದ ಚಿತ್ರಪಟವೊಂದಿತ್ತು, ಅದನ್ನು ಆರು ಸಲ ಓದಿದೆ.

ಮಗಳ ಬಟ್ಟೆ ತರಲು ಆ ಮನೆಗೆ ಹೋದೆವು. ಅವನು ಕೆಲಸಕ್ಕೆ ಹೋಗಿದ್ದ. ಹೌದು, ಕೆಲಸಕ್ಕೆ. ಕಿವಿಯಕ್ಕ ನಾಲ್ಕು ಬಟ್ಟೆ ಚೀಲಕ್ಕೆ ತುಂಬಿ, ಕಪಾಟಿನ ಮೇಲಿಂದ ಪೆಟ್ಟಿಗೆಯನ್ನು ಇಳಿಸಿ, ಮುಚ್ಚಳ ತೆಗೆದು ನೋಡಿದಳು. ಹಸಿರು. "ಇದು ಸರಿಯಾಗೇ ಕೇಳಿಸ್ಕೊಂಡಿತ್ತು ಕಣೇ" ಎಂದಳು. "ಬಡಿದೂ ಬಡಿದೂ ಬಾಯಿ ಮುಚ್ಚಿಸ್ದೋಳು ನಾನು." ಪೆಟ್ಟಿಗೆಯನ್ನೂ ತನ್ನ ಫೋನನ್ನೂ ಕೈಚೀಲಕ್ಕೆ ಹಾಕಿಕೊಂಡು ಹೊರಟಳು. ಕಾರ್ಖಾನೆಗೆ ಎಂದುಕೊಂಡೆ. ಅವಳು ಎಡಕ್ಕೆ ತಿರುಗಿದಳು.

ಡ್ರೈವಿಂಗ್ ಸ್ಕೂಲಿನ ಮೈದಾನದಲ್ಲಿ ಹಳೆಯ ಟೈರುಗಳನ್ನು ಸಾಲಾಗಿ ಇಟ್ಟಿದ್ದರು. ಒಬ್ಬಳು ಹುಡುಗಿ ಕಾರನ್ನು ಹಿಂದಕ್ಕೆ ಬಿಡುವುದು ಕಲಿಯುತ್ತಿದ್ದಳು. ಅವನು ಹೊರಗೆ ನಿಂತು ಚಪ್ಪಾಳೆ ತಟ್ಟುತ್ತಾ "ಬರ್ಲಿ ಬರ್ಲಿ ಬರ್ಲಿ" ಎನ್ನುತ್ತಿದ್ದ. ಇನ್ನೊಂದು ಕಾರಿನ ಹಿಂಬಾಗಿಲು ತೆರೆದಿತ್ತು, ಅದರೊಳಗೆ ಚಕ್ರ ಬಿಚ್ಚುವ ಕಬ್ಬಿಣದ ಸ್ಪ್ಯಾನರು ಇತ್ತು.

ಕಿವಿಯಕ್ಕ ಕೈಚೀಲವನ್ನು ನನಗೆ ಕೊಟ್ಟಳು. ಆಮೇಲೆ ಒಂದು ಮಾತೂ ಆಡದೆ, ಎಡಗೈಯನ್ನು ಮುಂದೆ ಮಾಡಿ, ತನ್ನ ಕೈಗಡಿಯಾರದ ಪಟ್ಟಿಯ ಕೊಂಡಿ ಬಿಚ್ಚಿದಳು. ಬಿಚ್ಚಿದ್ದನ್ನು ನನ್ನ ಅಂಗೈಯಲ್ಲಿಟ್ಟಳು.

ನನ್ನ ಕೈಯಲ್ಲಿದ್ದ ಚೀಲದೊಳಗೆ ಫೋನು ಕೂಗಿತು.

ಚೀಲದ ಬಾಯಿ ತೆರೆದು ನೋಡಿದೆ. ಹದಿನೇಳನೆಯ ತಟ್ಟೆಯ ದೀಪ ಕೆಂಪಾಗಿತ್ತು. ಏಳು ವಾರದಲ್ಲಿ ಮೊದಲ ಸಲ. ಅವಳ ಮೌನವನ್ನೂ ಆ ಕೊಂಡಿಯ ಸದ್ದನ್ನೂ ಅದು ಗುರುತಿಸಿತ್ತು. ಅವಳೇ ಕಲಿಸಿದ ಮೊದಲ ಪಾಠ ಅದು. ಜಗಳ ಕೈಗೆ ಬರುವ ಮೊದಲು ತಡೆಯಬೇಕಾದವರಿಗೆ ಸುದ್ದಿ ಮುಟ್ಟಬೇಕು, ಮುಟ್ಟಿತು. ನಾನು ಫೋನು ಆಫ್ ಮಾಡಿದೆ.

"ಓಹೋ ಅತ್ತೆ! ಲೈಸನ್ಸ್ ಬೇಕಾಯ್ತಾ ಈ ವಯಸ್ಸಲ್ಲಿ?" ಎಂದು ಅವನು ನಕ್ಕ. ಅವಳು ಎತ್ತಿಕೊಂಡ ಸ್ಪ್ಯಾನರಿನ ಮೊದಲ ಏಟು ಮೊಣಕಾಲಿಗೆ ಬಿತ್ತು. ಕೂತುಬಿಟ್ಟ. ಆಗಲೂ ಮುಖದ ಮೇಲೆ ಅರ್ಧ ನಗು ಇತ್ತು, "ಅತ್ತೆ, ಏನ್ ತಮಾಷೆ ಇದು" ಎಂದ. ಎರಡನೆಯದು ಭುಜಕ್ಕೆ. ಕೈ ಅಡ್ಡ ತಂದ, ಮೂರನೆಯದು ಮುಂಗೈಗೆ ಬಿತ್ತು, ಒಣ ಕಟ್ಟಿಗೆ ಮುರಿದ ಸದ್ದಾಯಿತು. ನಗು ಹೋಯಿತು. ಅವನು ಅರಚಿದ, ಮಣ್ಣಿನಲ್ಲಿ ಉರುಳಿದ, "ಬೇಡ ಅತ್ತೆ, ಬೇಡ ಅತ್ತೆ" ಎಂದ. ನಾಲ್ಕನೆಯದು ಬಾಯಿಗೆ ಬಿತ್ತು. ಕಲಿಯುತ್ತಿದ್ದ ಹುಡುಗಿ ಕಾರಿನೊಳಗೆ ಕೂತು ಹಾರ್ನ್ ಒತ್ತಿ ಹಿಡಿದಿದ್ದಳು. ಇಷ್ಟೂ ಹೊತ್ತು ಕಿವಿಯಕ್ಕನ ಬಾಯಿಂದ ಒಂದು ಸದ್ದೂ ಬರಲಿಲ್ಲ. ನನಗೆ ಅವನ ಅರಚಾಟಕ್ಕಿಂತ ಅವಳ ಆ ಮೌನ ಕಂಡೇ ಹೆದರಿಕೆಯಾಯಿತು. ಆದರೂ ನಾನು ಕದಲಲಿಲ್ಲ, ನನಗೆ ಸಂತೋಷವೂ ಆಯಿತು. ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ.

ಅವಳೇ ನಿಲ್ಲಿಸಿದಳು. ಸ್ಪ್ಯಾನರನ್ನು ಇದ್ದ ಜಾಗದಲ್ಲೇ ಇಟ್ಟು, ನನ್ನ ಹತ್ತಿರ ಬಂದು ಗಡಿಯಾರಕ್ಕೆ ಕೈ ಚಾಚಿದಳು. ಕಟ್ಟಿಕೊಳ್ಳಲು ಹೋದಾಗ, ತಾನು ಮಾಡಿದ್ದೇನೆಂದು ಅವಳಿಗೆ ಕಂಡಿತು. ಪಟ್ಟಿಯನ್ನೇ ನೋಡುತ್ತಾ ನಿಂತಳು.

"ಕೂಗ್ತೇನೇ ಅದು?" ಎಂದು ಕೇಳಿದಳು.

"ಕೂಗ್ತು ಅಕ್ಕ."

ಅವಳು ಆ ಗಡಿಯಾರವನ್ನು ಮತ್ತೆ ಕಟ್ಟಲಿಲ್ಲ. ಅದು ಇವತ್ತಿಗೂ ನನ್ನ ಮೇಜಿನ ಸೆಳೆಖಾನೆಯಲ್ಲಿದೆ.

ಎರಡು ಕೇಸು ನಡೆಯುತ್ತಿವೆ, ಒಂದು ಅವನ ಮೇಲೆ, ಒಂದು ಅವಳ ಮೇಲೆ. ಅವಳ ಕೆಲಸ ಹೋಯಿತು. ಪೆಟ್ಟಿಗೆಯಲ್ಲಿದ್ದ ಸದ್ದುಗಳನ್ನು ಮೇಡಂ ಕೋರ್ಟಿಗೆ ಒಪ್ಪಿಸಿ, ಪುಸ್ತಕದಲ್ಲಿ ತಾವು ಬರೆದ 'ಚಪ್ಪಾಳೆ'ಯನ್ನೂ ತೋರಿಸಿದರು. ಅಷ್ಟು ಧೈರ್ಯ ನನಗಿರಲಿಲ್ಲ, ನನ್ನ 'ಹಳದಿ'ಗಳನ್ನು ಯಾರೂ ಕೇಳಲಿಲ್ಲ. ಹದಿನೇಳನೆಯ ತಟ್ಟೆ ಇನ್ನೂ ಎರಡು ತಿಂಗಳು ಬದುಕಿತ್ತು. ಯಾರೂ ಅದಕ್ಕೆ ಪಾಠ ಹೇಳಲಿಲ್ಲ. ನಾನು ಊಟ ಮಾತ್ರ ಹಾಕುತ್ತಿದ್ದೆ, ಕೊನೆಗೆ ನೀರು ಗುಲಾಬಿಯಾಗಿಯೇ ಉಳಿಯಿತು.

ಮಗಳು ಈಗ ತಾಯಿಯ ಜೊತೆಗಿದ್ದಾಳೆ. ಬಲಗಡೆಯಿಂದ ಯಾರಾದರೂ ಬಂದರೆ ಅವಳಿಗೆ ತಿಳಿಯುವುದಿಲ್ಲ, ಬೆಚ್ಚಿಬೀಳುತ್ತಾಳೆ. ಅದಕ್ಕೇ ಕಿವಿಯಕ್ಕ ಮನೆಯಲ್ಲಿ ಓಡಾಡುವಾಗಲೆಲ್ಲ ಏನಾದರೂ ಮಾತಾಡುತ್ತಲೇ ಇರುತ್ತಾಳೆ. ಪಾತ್ರೆಗೆ, ಪರದೆಗೆ, ಬಾಗಿಲಿಗೆ.

ಕಳೆದ ವಾರ ಹೋಗಿದ್ದೆ. ಮಗಳು ಒಳಗಿನ ಕೋಣೆಯಲ್ಲಿ ಏನೋ ಓದುತ್ತಿದ್ದಳು. ನಾವಿಬ್ಬರೂ ಅಡುಗೆಮನೆಯಲ್ಲಿ ಟೀ ಸೋಸುತ್ತಿದ್ದೆವು. ಒಳಗಿನಿಂದ ನಗು ಕೇಳಿಸಿತು. ಆ ಮನೆ ಬಿಟ್ಟು ಬಂದಮೇಲೆ ಮಗಳು ನಕ್ಕದ್ದು ಅದೇ ಮೊದಲಂತೆ. ಕಿವಿಯಕ್ಕನ ಕೈಯಿಂದ ಪಾತ್ರೆ ಜಾರಿ ಬಿಸಿ ಟೀ ಅವಳ ಪಾದದ ಮೇಲೆ ಸುರಿಯಿತು. ಅವಳು ನೋಡಲೂ ಇಲ್ಲ, ಓಡಿದಳು.

ಮಗಳು ತಲೆ ಎತ್ತಿ, "ಏನಿಲ್ಲಮ್ಮ, ಪುಸ್ತಕದಲ್ಲಿ ಏನೋ ಬಂತು, ನಗು ಬಂತು ಅಷ್ಟೇ" ಎಂದಳು.

"ಗೊತ್ತು ಕಣೇ. ನೀನು ನಗು" ಎಂದಳು ಕಿವಿಯಕ್ಕ, ಬಾಗಿಲ ಚೌಕಟ್ಟು ಹಿಡಿದು ಏದುಸಿರು ಬಿಡುತ್ತಾ. "ನಾನು ಬಂದು ಹೋಗ್ತಿರ್ತೀನಿ."